ಕಣಕ್ಕಿಳಿದ ಗಾಲಿ ಹಾವಿಗೆ

ನಮ್ಮ ಆಯಿ ಸೋಮವ್ವನಿಗೆ ತಲೆ ಕೆಟ್ಟಿತ್ತು ಎಂದು ಚಚಡಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಹೇಳಲಿ. ಹೇಳುವವರ ಬಾಯಿಗೆ ಅಗಳಿ ಹಾಕಲು ನಾನೇನು ಊರಗೌಡನಲ್ಲ. ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಆ ನಮ್ಮ ಆಯಿಗೆ ತಲೆ ಚೆನ್ನಾಗಿಯೇ ಇತ್ತು, ಕೇಳುವ ಚಟ ಮಾತ್ರ ವಿಪರೀತ. ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಚಾಡಿಯದು, ಇವಳಿಗೆ ಪ್ರಶ್ನೆಯದು. ಎತ್ತಿನ ಕಣ್ಣಿಗೆ ನಾವು ಎಷ್ಟು ದೊಡ್ಡವರಾಗಿ ಕಾಣುತ್ತೇವೆ? ಬೆಲ್ಲ ಕರಗಿದ ಮೇಲೆ ಅದರ ಗಟ್ಟಿತನ ಎಲ್ಲಿಗೆ ಹೋಗುತ್ತದೆ? ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಯಿ ಅವರ ನಗು ಮುಗಿಯುವವರೆಗೆ ಕಾಯ್ದು, "ನಗೂದು ಆತೇನು? ಹಂಗಾರ ಈಗ ಹೇಳ್ರಿ," ಎನ್ನುತ್ತಿದ್ದಳು.

ನಾನು ಹೇಳಹೊರಟ ಸಂಗತಿ ನಡೆದದ್ದು ಸಾವಿರದ ಒಂಬೈನೂರ ಎಂಟರಲ್ಲೋ ಒಂಬತ್ತರಲ್ಲೋ. ನಾನಿನ್ನೂ ಹುಟ್ಟಿರಲಿಲ್ಲ. ನನ್ನವ್ವ ಗುರವ್ವ ಆಗಷ್ಟೇ ಲಗ್ನವಾಗಿ ರಾಮದುರ್ಗಕ್ಕೆ ಹೋಗಿದ್ದಳು. ಮನೆಯಲ್ಲಿ ಇದ್ದವರು ಆಯಿ, ಅವಳ ಗಂಡ ಕಾಡಪ್ಪ, ಮೈದುನ, ಅವನ ಹೆಂಡತಿ ಅಂದರೆ ಆಯಿಯ ನೆಗೆಣ್ಣಿ ಸತ್ಯವ್ವ, ಮತ್ತು ಇವರೆಲ್ಲರ ತಲೆಯ ಮೇಲೆ ಅತ್ತೆ ಬಾಯವ್ವ. ಬಾಯವ್ವ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಂತೆ. ಜೋರಾಗಿ ಮಾತಾಡುವ ಪ್ರಸಂಗವೇ ಅವಳಿಗೆ ಬರುತ್ತಿರಲಿಲ್ಲ, ಕೆಮ್ಮಿದರೆ ಸಾಕು, ಇಡೀ ಮನೆ ನೆಟ್ಟಗಾಗುತ್ತಿತ್ತು.

ದೀಪಾವಳಿಗೆ ಮಗಳು ಬರುವವಳಿದ್ದಳು. ಅವಳಿಗೆ ಸೀರೆ ತರಲೆಂದು ಗಂಡ ಹೆಂಡತಿ ಚಕ್ಕಡಿ ಹೂಡಿಕೊಂಡು ಬೈಲಹೊಂಗಲಕ್ಕೆ ಹೋದರು. ಪೇಟೆಯಲ್ಲಿ ಅರಳೆ ವ್ಯಾಪಾರದ ನಿಜಗುಣಪ್ಪನ ಅಂಗಡಿಯಲ್ಲಿ ನೀರು ಕುಡಿಯಲು ಕುಳಿತರು. ನಮ್ಮ ಹೊಲದ ಹತ್ತಿಯನ್ನು ವರ್ಷವೂ ಕೊಳ್ಳುವವನು ಅವನೇ. ಮುಂಬಯಿಯಲ್ಲಿ ಯಾವನೋ ಸಾಹೇಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಸಾಮಾನೆಲ್ಲ ಮಾರಿದನಂತೆ, ನಿಜಗುಣಪ್ಪ ಅಲ್ಲಿಂದ ಎರಡು ಕುರ್ಚಿ ತಂದಿದ್ದ. ಕುರ್ಚಿಗಳ ಜೊತೆಗೆ ಬಂದ ಒಂದು ಚಿತ್ರ ಅವನ ಗಾದಿಯ ಮೇಲಿನ ಗೋಡೆಗೆ ತೂಗುತ್ತಿತ್ತು.

ಅದು ಬಣ್ಣದ ಚಿತ್ರವಲ್ಲ. ತಾಮ್ರದ ತಗಡಿನ ಮೇಲೆ ಗೀರು ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿದ ಹಳೆಯ ಕಾಲದ ಅಚ್ಚು. ಎಲ್ಲವೂ ಗೀರುಗಳೇ: ಕೂದಲು, ಅರಿವೆ, ನೆರಳು. ನಡುವೆ ಒಬ್ಬ ಹೆಂಗಸು. ಹಿಮ್ಮಡಿಯವರೆಗೆ ಲಂಗ, ತಲೆಗೆ ಬುಟ್ಟಿಯಂಥ ಟೊಪ್ಪಿಗೆ, ಎರಡೂ ಕೈ ಅಗಲಿಸಿ ನಿಂತಿದ್ದಾಳೆ. ಕಾಲಿನ ಬೂಟಿಗೆ ಗಾಲಿ. ಲಂಗ ಹಿಂದಕ್ಕೆ ಹಾರಿದೆ. ಹಿಂದಿನ ಜಾಗವನ್ನೆಲ್ಲ ಅಚ್ಚು ಕೊರೆದವನು ಅಡ್ಡ ಗೀರುಗಳಿಂದ ತುಂಬಿದ್ದ. ಅವನಿಗೆ ಅದು ಬರೀ ಗೋಡೆಯ ನೆರಳಿರಬೇಕು. ಆಯಿ ಮಾತ್ರ ಅದನ್ನು ಗಾಳಿ ಎಂದು ತಿಳಿದಳು, ಸಾಯುವತನಕ ಹಾಗೆಯೇ ತಿಳಿದಿದ್ದಳು. ನಾನು ಒಮ್ಮೆ ತಿದ್ದಲು ಹೋಗಿ ಬೈಸಿಕೊಂಡೆ.

"ಸಾವ್ಕಾರ್ರ, ಈಕಿ ಓಡಾಕತ್ತಾಳೋ, ನಿಂತಾಳೋ?" ಎಂದು ಆಯಿ ಕೇಳಿದಳು.

"ಎರಡೂ ಅಲ್ಲ ತಂಗಿ, ಉಳ್ಳಾಕತ್ತಾಳ. ಬೂಟಿನ ಬುಡಕ ಗಾಲಿ ಅದಾವ ನೋಡು."

"ಎತ್ತು ಎಲ್ಲದಾವ್ರಿ?"

"ಎತ್ತಿಲ್ಲವಾ. ತನ್ನ ಕಾಲಿಲೆ ತಾನ ದೂಡ್ಕೊಂಡ ಹೋಗತಾಳಂತ."

"ಒಮ್ಮೆ ದೂಡಿ ಸುಮ್ಮನ ನಿಂತರೂ ಹೋಗತಾಳೇನ್ರಿ?"

"ಹೌದಂತ ನೋಡು."

"ಹಂಗಾರ ನಿಂದರೂದು ಹೆಂಗ?"

ನಿಜಗುಣಪ್ಪ ಒಳ್ಳೆಯ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಜಾತಿಯವನು. ಚಿತ್ರವನ್ನು ಮತ್ತೊಮ್ಮೆ ನೋಡಿ, ಗಡ್ಡ ಕೆರೆದುಕೊಂಡು, "ಅಯ್ ಶಿವನ! ನಾ ದಿನಾ ಇದರ ಬುಡಕ ಕುಂದರತೇನಿ, ಅದನ್ನ ಒಮ್ಮಿನೂ ವಿಚಾರ ಮಾಡಿಲ್ಲ ನೋಡು," ಎಂದ. ಕಾಡಪ್ಪಜ್ಜನಿಗೆ ನಾಚಿಕೆಯಾಗತೊಡಗಿತ್ತು. "ಸಾಕ ಬಾ, ಚಕ್ಕಡಿ ಹೂಡೂ ಹೊತ್ತಾತು," ಎಂದು ಎಬ್ಬಿಸಿದ.

ಹೊರಳಿ ಬರುವಾಗ ಆಯಿ ಅರ್ಧ ದಾರಿಯವರೆಗೆ ಚಕ್ಕಡಿಯ ಗಾಲಿಯನ್ನೇ ಬಾಗಿ ನೋಡುತ್ತಿದ್ದಳು. ಆಮೇಲೆ, "ಏನ್ರಿ, ಬಡಿಗ್ಯಾರ ಗಂಗಪ್ಪನ ಹಂತ್ಯಾಕ ಜಾಲಿ ಕಟಿಗಿ ಚೂರು ಇದ್ದಾವೇನ್ರಿ?" ಎಂದಳು. "ಯಾಕ?" ಎಂದ ಅಜ್ಜ. "ಏನಿಲ್ಲ, ಸುಮ್ಮನ ಕೇಳಿದ್ನಿ." ಇವಳ ಸುಮ್ಮನೆ ಎಷ್ಟು ದೂರ ಹೋಗುತ್ತದೆಂದು ಅಜ್ಜನಿಗೆ ಗೊತ್ತಿತ್ತು. ಪಾಪ, ಎತ್ತಿನ ಬಾಲ ಮುರಿದು ಚಕ್ಕಡಿಯನ್ನು ಜೋರಾಗಿ ಹೊಡೆದನಂತೆ.

ಅವಳ ಆಸೆಗೆ ಒಂದು ಹಳೆಯ ಬೇರಿತ್ತು, ಅದನ್ನು ಹೇಳದಿದ್ದರೆ ನೀವೂ ಅವಳನ್ನು ಹುಚ್ಚಿ ಅಂದೀರಿ. ಒಂಬತ್ತನೆಯ ವಯಸ್ಸಿಗೆ ಈ ಮನೆಗೆ ಬಂದವಳು. ಬಂದ ಮಾರನೆಯ ದಿನ ಕರುವೊಂದು ಹಗ್ಗ ಹರಿದುಕೊಂಡು ಹೋಯಿತು, ಇವಳು ಅದರ ಬೆನ್ನು ಹತ್ತಿ ಓಣಿಯಲ್ಲಿ ಓಡಿದಳು. ತವರಿನಲ್ಲಿ ಓಟಕ್ಕೆ ಇವಳ ಮುಂದೆ ಯಾವ ಹುಡುಗನೂ ಇರಲಿಲ್ಲ. ಬಾಯವ್ವ ಹೊಸ್ತಿಲಲ್ಲಿ ನಿಂತು, "ಸೊಸಿ ಆದಾಕಿ ಓಡಬಾರದು," ಎಂದಳು. ಅಷ್ಟೇ. ಅಂದಿನಿಂದ ಆಯಿ ಓಡಲಿಲ್ಲ. ಬಣವೆಗೆ ಬೆಂಕಿ ಬಿದ್ದಾಗಲೂ ಕೊಡ ಹೊತ್ತು ಬಿರಬಿರನೆ ನಡೆದಳಂತೆ, ಓಡಲಿಲ್ಲ! ಇದನ್ನು ಕೇಳಿದಾಗ ನನಗೆ ಆ ಮುದುಕಿ ಬಾಯವ್ವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಸತ್ತವಳಾದ್ದರಿಂದ ಬದುಕಿಕೊಂಡಳು. ಅಂಥ ಆಯಿ ನಲವತ್ತು ದಾಟಿದ ಮೇಲೆ ಕಂಡದ್ದೇನು? ನಿಂತೇ ಇದ್ದು ಓಡುವವರಿಗಿಂತ ಮುಂದೆ ಹೋಗುವ ಹೆಂಗಸನ್ನು. ನಿದ್ದೆ ಹೇಗೆ ಬಂದೀತು?

ಬಡಿಗ ಗಂಗಪ್ಪನ ಕೆಲಸದ ಚಪ್ಪರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಆಯಿ ಧೂಳಿನಲ್ಲಿ ಬೆರಳಿನಿಂದ ಬೂಟು ಬರೆದಳು, ಬುಡಕ್ಕೆ ಹಿಂದೊಂದು ಮುಂದೊಂದು ಗಾಲಿ ಬರೆದಳು. ಗಂಗಪ್ಪ ಚಕ್ಕಡಿ ಮಾಡುವವನು, ಕೂಸುಗಳು ಹಿಡಿದು ನಡೆಯುವ ಮೂರು ಗಾಲಿಯ ಗಾಡಿಗಳನ್ನೂ ಮಾಡುತ್ತಿದ್ದ. ನಗುತ್ತಾನೆ ಎಂದುಕೊಂಡಿದ್ದಳು, ಅವನು ನಗಲಿಲ್ಲ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಾಗಿದ.

"ಸೋಮಕ್ಕ, ಎರಡ ಗಾಲಿ ಅಲ್ಲ ಇದು. ನಾಕು."

"ನಾ ಕಂಡದ್ದು ಎರಡು."

"ಚಕ್ಕಡಿ ಮಗ್ಗಲಕ ನಿಂತ ನೋಡಿದರ ನಿನಗ ಎಷ್ಟ ಗಾಲಿ ಕಾಣತಾವ? ಒಂದ. ಆ ಕಡಿ ಇನ್ನೊಂದ ಇರಂಗಿಲ್ಲೇನು?"

"ಚಿತ್ರ ತಗದಾಂವ ಆ ಕಡಿ ತೋರಿಸಿಲ್ಲ. ಇರದಿದ್ದರ?"

"ಇರದಿದ್ದರ ಮಾರಿ ಮ್ಯಾಲೆ ಬೀಳತಿ. ನಾಕ ಮಾಡತೇನಿ, ಸುಮ್ಮನಿರ."

ಸ್ವಾಮಿಗಳು ಮೆಟ್ಟುವಂಥ ಮರದ ಹಾವಿಗೆ ಮಾಡಿ, ಹೆಬ್ಬೆರಳು ಸಿಕ್ಕಿಸುವ ಗುಬ್ಬಿ ತೆಗೆದು, ಒಂದೊಂದರ ಬುಡಕ್ಕೂ ನಾಲ್ಕು ಜಾಲಿ ಗಾಲಿ ಕೂರಿಸಿದ. ಕಟ್ಟಲು ತೊಗಲಿನ ಬಾರು ಹಾಕುತ್ತೇನೆ ಎಂದ. ಆಯಿ ಬೇಡವೆಂದಳು, ಹಳೆಯ ಸೀರೆಯ ದಡಿ ಹರಿದು ತಂದುಕೊಟ್ಟಳು. ಯಾಕೆ ಬೇಡವೆಂದಳು ಎಂಬುದು ಗಂಗಪ್ಪನಿಗೆ ತಿಳಿಯಲಿಲ್ಲ. ಅವಳ ತಲೆಯಲ್ಲಿ ಆಗಲೇ ಒಂದು ಜಾಗ ಕುಳಿತಿತ್ತು.

ಮೊದಲು ಓಣಿಯನ್ನು ನೋಡಿದಳು, ಚಕ್ಕಡಿ ಹಾದು ಹಾದು ಎರಡು ಕಾಲುವೆಯಾಗಿತ್ತು. ಅಂಗಳದಲ್ಲಿ ಹಾಸಿದ ಬಂಡೆಗಳ ಮೇಲೆ ಒಂದು ಮಧ್ಯಾಹ್ನ ಕಟ್ಟಿಕೊಂಡು ನಿಂತಳು. ಬಂಡೆಯ ಸಂದಿನಲ್ಲಿ ಗಾಲಿ ಸಿಕ್ಕಿ ಧಡ್ಡನೆ ಬಿದ್ದಳು, ಸೊಂಟಕ್ಕೆ ಪೆಟ್ಟಾಯಿತು. ಸೆಗಣಿಯ ಮೇಲೆ ಜಾರಿದೆ ಎಂದು ಅತ್ತೆಗೆ ಹೇಳಿ, ಉಪ್ಪಿನ ಶಾಖ ಕೊಟ್ಟುಕೊಂಡಳು. ಇನ್ನು ಇಡೀ ಊರಿನಲ್ಲಿ ಗಾಲಿಗೆ ತಕ್ಕ ಜಾಗ ಒಂದೇ ಉಳಿದಿತ್ತು. ಅದು ಶಿವರಾತ್ರಿಯ ಹೊತ್ತಿಗೆ ಹುಟ್ಟುವ ಜಾಗ. ನಮ್ಮ ಕಣ.

ಕಣ ಎಂದರೆ ಈಗಿನವರು ಡಾಂಬರು ರಸ್ತೆಯ ಮೇಲೆ ತೆನೆ ಹರವಿದ್ದನ್ನು ತೋರಿಸುತ್ತಾರೆ. ಅದು ಕಣವಲ್ಲ, ದರಿದ್ರ. ನಮ್ಮದು ಎರೆಹೊಲ, ಎರೆ ಬಿರುಕು ಬಿಡುತ್ತದೆ. ಆಯಿ ಮಸಾರಿಯ ಕೆಂಪು ಮಣ್ಣು ತರಿಸಿ, ಹೊಟ್ಟು ಕೂಡಿಸಿ, ನೀರು ಹನಿಸಿ, ಎತ್ತು ಹಾಯಿಸಿ, ಕೊಡತಿಯಿಂದ ಬಡಿದು, ಸೆಗಣಿಯಿಂದ ಸಾರಿಸುತ್ತಿದ್ದಳು. ಒಣಗಿದ ಮೇಲೆ ಕಂಚಿನ ತಾಟಿನಂತೆ ಇರುತ್ತಿತ್ತು. ನಡುವೆ ಮೇಟಿ, ತೆನೆ ತುಳಿಯುವ ಹಂತಿಯ ಎತ್ತುಗಳನ್ನು ಕಟ್ಟಿ ಸುತ್ತಿಸುವ ಕಂಬ. ನಮ್ಮಲ್ಲಿ ಒಂದು ಪದ್ಧತಿ: ಮನೆಯ ಹೆಣ್ಣುಮಕ್ಕಳೆಲ್ಲ ಸಾರಿಸಿದರೂ ಮೇಟಿಯ ಬುಡಕ್ಕೆ ಕೊನೆಯದಾಗಿ ಸೆಗಣಿ ಎಳೆಯುವುದು ಒಬ್ಬಳೇ. ಅದಕ್ಕೆ ಕಡೆಯ ಕೈ ಎನ್ನುತ್ತಾರೆ. ಕಡೆಯ ಕೈ ಹಾಕಿದವಳೇ ಕಣದ ಯಜಮಾನಿ. ಅವಳು ಹೂಂ ಎನ್ನದೆ ಎತ್ತು ಒಳಗೆ ಬರುವಂತಿಲ್ಲ, ರಾಶಿಯಲ್ಲಿ ಮೊದಲ ಮರದ ತುಂಬ ಕಾಳು ಅವಳದು.

ಬಾಯವ್ವನ ಮೊಳಕಾಲು ಆ ವರ್ಷ ಕೈಕೊಟ್ಟಿದ್ದವು. ಕಡೆಯ ಕೈಯನ್ನು ಇಬ್ಬರು ಸೊಸೆಯರಲ್ಲಿ ಒಬ್ಬಳಿಗೆ ಬಿಟ್ಟುಕೊಡುತ್ತೇನೆ ಎಂದಿದ್ದಳು, ಯಾರಿಗೆ ಎಂದು ಹೇಳಿರಲಿಲ್ಲ. ಹಿರಿಯ ಸೊಸೆ ಆಯಿ. ಆದರೆ ಬಾಯವ್ವನ ಮುಂದೆ ಹಿರಿತನ ಕಿರಿತನ ನಡೆಯುತ್ತಿರಲಿಲ್ಲ. ಆಯಿಗೆ ಅದು ಬೇಕಿತ್ತು, ಜೀವದಷ್ಟು ಬೇಕಿತ್ತು. ಆ ಮನೆಯಲ್ಲಿ ತಾಮ್ರದ ಹಂಡೆ ಅತ್ತೆಯದು, ಹೊಲ ಗಂಡನದು, ಸೀರೆ ಕೂಡ ಯಾರೋ ಆರಿಸಿ ಕೊಟ್ಟದ್ದು. ತನ್ನದು ಎನ್ನಬಹುದಾದ್ದು ತನ್ನ ಕೈಯಿಂದ ಬಡಿದು ಮಾಡಿದ ಆ ಕಣ ಒಂದೇ.

ಮತ್ತು ಕಣದಲ್ಲಿ ಕೆರ, ಅಂದರೆ ತೊಗಲಿನ ಚಪ್ಪಲಿ, ಮೆಟ್ಟುವಂತಿಲ್ಲ. ಊರಗೌಡನೇ ಬರಲಿ, ಕೆರ ಹೊರಗೆ ಬಿಡಬೇಕು. ಯಾರಾದರೂ ಮೆಟ್ಟಿ ಬಂದರೋ, ಕಣ ಕೆಟ್ಟಿತು. ಅಷ್ಟನ್ನೂ ಕೆತ್ತಿ ತೆಗೆದು ಮೊದಲಿನಿಂದ ಮಾಡಬೇಕು. ಈಗ ತಿಳಿಯಿತಲ್ಲ, ತೊಗಲು ಯಾಕೆ ಬೇಡವೆಂದಳು?

ಕಣ ಸಾರಿಸಿ ಮುಗಿದಿತ್ತು. ಮಾರನೆಯ ದಿನ ಬಾಯವ್ವ ಬಂದು ಕಡೆಯ ಕೈ ಯಾರದೆಂದು ಹೇಳುವವಳು, ಅದರ ಬೆನ್ನಿಗೇ ಜೋಳದ ತೆನೆ ಬಂದು ಬೀಳುವವು. ಆಮೇಲೆ ಆ ವರ್ಷ ಕಣ ಬರಿದಾಗುವುದಿಲ್ಲ. ಇದ್ದದ್ದು ಆ ಒಂದು ಮಧ್ಯಾಹ್ನ. ಎಲ್ಲರೂ ಹತ್ತಿ ಬಿಡಿಸಲು ಹೋಗಿದ್ದರು. ಆಯಿ ಉಡಿಯಲ್ಲಿ ಹಾವಿಗೆ ಕಟ್ಟಿಕೊಂಡು ಬಂದು ಕಣದ ಅಂಚಿಗೆ ಕುಳಿತಳು. ಅಜ್ಜ ಅಲ್ಲಿ ಹಗ್ಗ ಹೊಸೆಯುತ್ತಿದ್ದ.

"ಏ, ತಲಿ ನೆಟ್ಟಗೈತಿಲ್ಲೋ?" ಎಂದ ಅಜ್ಜ. "ಅವ್ವಗ ಗೊತ್ತಾತಂದರ ಕಡೀ ಕೈ ಸತ್ಯವ್ವಗ ಹೋಕ್ಕೈತಿ. ಮತ್ತ ಬರಂಗಿಲ್ಲದು."

ಆಯಿ ಹಾವಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಲ್ಲಿಂದ ಎದ್ದು ಹೋಗಿಬಿಡಬೇಕು ಎಂದೂ ಅನಿಸಿತಂತೆ. "ಖರೇ ಹೇಳತೇನಿ, ಅಳು ಬಂದಿತ್ತು," ಎಂದು ನನ್ನ ಮುಂದೆ ಹೇಳಿದ್ದಳು.

"ಏನ್ರಿ, ಅತ್ತೀ ಮೊಳಕಾಲು ನೋಡೀರಲ್ಲ?" ಎಂದಳು ಕೊನೆಗೆ. "ನನ್ನವೂ ಹಂಗ ಆಗೂವ. ಆಮ್ಯಾಗ ಇದು ಹೆಂಗಿರತೈತಿ ಅಂತ ಯಾರನ್ನ ಕೇಳ್ಲಿ? ಕಟ್ರಿ."

ಅಜ್ಜ ಕಟ್ಟಿದ. ಕೀಲೆಣ್ಣೆಯನ್ನೂ ಹಾಕಿದ. ಅವನು ಹೆದರುಪುಕ್ಕಲ; ಹೆಂಡತಿ ಉರುಳಿಕೊಂಡು ಹೋಗಿ ಎಲ್ಲಿಯೋ ಬಾವಿಗೆ ಬಿದ್ದಾಳೆಂದು, ಹಂತಿಯ ಎತ್ತಿಗೆ ಕಟ್ಟುವಂತೆ ಅವಳ ಸೊಂಟಕ್ಕೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಮೇಟಿಗೆ ಕಟ್ಟಿದ. ಎತ್ತಿಗಾದರೆ ಮೇಟಿಯ ಸುತ್ತ ಸಡಿಲ ಕುಣಿಕೆ ಹಾಕುತ್ತಾರೆ, ಅದು ಎತ್ತಿನ ಜೊತೆಗೇ ತಿರುಗುತ್ತದೆ. ಅಜ್ಜ ಹೆದರಿಕೆಯಲ್ಲಿ ಗಟ್ಟಿ ಗಂಟು ಹಾಕಿಬಿಟ್ಟ. ಹುಟ್ಟಿದಾಗಿನಿಂದ ಹಂತಿ ಹೊಡೆದವನು! ಆಮೇಲೆ ಬೆನ್ನಿಗೆ ಕೈಯಿಟ್ಟು ಒಮ್ಮೆ ದೂಡಿದ.

ಗಾಲಿಗಳು ಗಡಗಡ ಎಂದವು. ಆಯಿ ಕೈ ಅಗಲಿಸಿ ನಿಂತಳು. ಕಾಲು ಎತ್ತಲಿಲ್ಲ, ಅಲುಗಲಿಲ್ಲ. ಕಣ ತಾನೇ ಕೆಳಗಿನಿಂದ ಜರುಗತೊಡಗಿತು. ಗಾಳಿ ಬಂದು ಮುಖಕ್ಕೆ ಬಡಿಯಿತು. ಸೆರಗು ತಲೆಯಿಂದ ಜಾರಿ ಹಿಂದೆ ಪಟಪಟ ಹೊಡೆದುಕೊಂಡಿತು. ಒಂದು ಸುತ್ತು ಬಂದಳು. ಅಜ್ಜ ಮತ್ತೊಮ್ಮೆ ದೂಡಿದ. ಹಗ್ಗ ಮೇಟಿಗೆ ಸುತ್ತಿಕೊಳ್ಳುತ್ತ ಹೋಯಿತು, ಸುತ್ತು ಸಣ್ಣದಾಗುತ್ತ ಹೋಯಿತು, ಅವಳು ಮೇಟಿಯ ಹತ್ತಿರ ಹತ್ತಿರ ಬಂದಳು. "ಏನ್ರೀ, ಹಗ್ಗಾ! ಹಗ್ಗಾ ಬಿಡ್ರಿ!" ಎಂದು ಕೂಗುವಷ್ಟರಲ್ಲಿ ಮೇಟಿ ಎದೆಗೇ ಬಂತು. ಎರಡೂ ಕೈಯಿಂದ ಅಪ್ಪಿಕೊಂಡು ನಿಂತಳು.

ನಿಂತವಳೇ ನಗತೊಡಗಿದಳು. ಸೊಸೆಯಂದಿರು ಹಲ್ಲು ಕಾಣದಂತೆ ನಗುವ ಕಾಲ ಅದು. ಇವಳು ಗಂಟಲು ಬಿಟ್ಟು ನಕ್ಕಳು. ಅಜ್ಜನೂ ಕಣದಲ್ಲಿ ಕುಸಿದು ಕುಳಿತು ನಕ್ಕ. ನಗು ಇಳಿದ ಮೇಲೆ ಆಯಿ ತಲೆ ಎತ್ತಿ ನೋಡುತ್ತಾಳೆ, ಕಣದ ಅಂಚಿನಲ್ಲಿ ಸತ್ಯವ್ವ ಬುತ್ತಿಯ ಬುಟ್ಟಿ ಹೊತ್ತು ಬಾಯಿ ತೆರೆದು ನಿಂತಿದ್ದಾಳೆ. ಅವಳ ಭುಜ ಹಿಡಿದು, ಕೋಲೂರಿ, ಬಾಯವ್ವ. ಕಣ ಒಣಗಿದೆಯೋ ಇಲ್ಲವೋ ನೋಡಲು ಒಂದು ದಿನ ಮುಂಚೆಯೇ ಬಂದಿದ್ದಳು.

"ಕಾಲಾಗ ಏನೈತಿ?" ಎಂದಳು ಬಾಯವ್ವ.

"ಚಕ್ಕಡಿ, ಅವ್ವಾ," ಎಂದ ಅಜ್ಜ. "ಸಣ್ಣ ಚಕ್ಕಡಿ. ಗಾಲಿ ಅದಾವ ನೋಡು. ತೊಗಲಿಲ್ಲ. ಚಕ್ಕಡಿ ಕಣದಾಗ ಬರತಾವಲ್ಲ ಮತ್ತ?"

"ಕಾಲಿಗಿ ಕಟ್ಟಿದ್ದು ಕೆರ. ನನಗ ಕಲಿಸಬ್ಯಾಡ."

ಆಯಿ ಅಲ್ಲಿಯೇ ಕುಳಿತು ದಡಿ ಬಿಚ್ಚಿದಳು. ಹಾವಿಗೆಯನ್ನು ಎತ್ತಿಕೊಂಡು ಬರಿಗಾಲಲ್ಲಿ ಅತ್ತೆಯ ಮುಂದೆ ಬಂದು ನಿಂತಳು. "ತಪ್ಪಾತ್ರಿ ಅತ್ತಿ. ಕಣಾ ಕೆಡಿಸೀನಿ. ಕಡೀ ಕೈ ಸತ್ಯವ್ವಗ ಕೊಡ್ರಿ," ಎಂದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆದರ ಉಳ್ಳಿದ್ದಕ್ಕ ತಪ್ಪಾತು ಅಂತ ಅನ್ನಂಗಿಲ್ರಿ. ಅದೊಂದ ನನ್ನ ಬಾಯಿಲೆ ಬರಂಗಿಲ್ಲ."

ಅತ್ತೆಗೆ ಎದುರು ಮಾತು ಆ ಮನೆಯಲ್ಲಿ ಅದೇ ಮೊದಲು. ಸತ್ಯವ್ವ ಬುಟ್ಟಿಯನ್ನು ಕೆಳಗಿಳಿಸಿಬಿಟ್ಟಳು. ಬಾಯವ್ವ ಒಂದು ಹಾವಿಗೆಯನ್ನು ಇಸಿದುಕೊಂಡಳು. ಮಗುಚಿ ಹಿಡಿದು ಗಾಲಿಯನ್ನು ಬೆರಳಿನಿಂದ ತಿರುವಿದಳು. ಅದು ತಿರುಗಿ ತಿರುಗಿ ನಿಲ್ಲುವವರೆಗೂ ನೋಡಿದಳು. ಮತ್ತೊಮ್ಮೆ ತಿರುವಿದಳು.

"ಓಡಿದೇನು?"

"ಇಲ್ರಿ. ನಿಂತಿದ್ನಿ."

"ನಿಂತಾಕಿ ಸೆರಗ ಯಾಕ ಹಾರಿತು?"

"ಗಾಳಿ ಬಂತ್ರಿ."

"ಇವತ್ತ ಗಾಳಿ ಎಲ್ಲೈತಿ? ಗಿಡದ ಎಲಿ ಅಳ್ಳಾಡವಲ್ದು."

"ನಾ ಹ್ವಾದಲ್ಲಿ ಇತ್ರಿ," ಎಂದಳು ಆಯಿ.

ಬಾಯವ್ವ ಕಣವನ್ನು ನೋಡಿದಳು. ನಯವಾದ ಸೆಗಣಿಯ ಮೇಲೆ ಗಾಲಿಯ ಗುರುತು ಮೇಟಿಯವರೆಗೆ ಸುತ್ತಿಕೊಂಡು ಹೋಗಿತ್ತು. ಅವಳು ಈ ಮನೆಗೆ ಬಂದದ್ದು ಎಂಟನೆಯ ವಯಸ್ಸಿನಲ್ಲಿ. ಅವಳಿಗೂ ಒಬ್ಬ ಅತ್ತೆಯಿದ್ದಳು, ಆ ಅತ್ತೆಯೂ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಇದನ್ನು ನಾನು ವಿಚಾರ ಮಾಡಿದ್ದು ಬಹಳ ತಡವಾಗಿ. ಆಯಿ ಆ ಕ್ಷಣದಲ್ಲೇ ಮಾಡಿದಳೋ ಏನೋ.

"ಕಣಾ ಕೆಟ್ಟೈತಿ," ಎಂದಳು ಬಾಯವ್ವ ಕಡೆಗೆ. "ನಾಳೆ ಎಲ್ಲಾ ಕೆತ್ತಿ ಮೊದಲಿಂದ ಮಾಡ್ರಿ. ತೆನಿ ನಾಕ ದಿನಾ ತಡಾ ಆದರ ಆಗಲಿ." ಆಮೇಲೆ ಆಯಿಯ ಕಡೆ ತಿರುಗಿದಳು. "ಕಡೀ ಕೈ ನೀನ ಹಾಕು. ಕೆಡಿಸಿದಾಕೀನ ನೆಟ್ಟಗ ಮಾಡಬೇಕು."

ಅಜ್ಜ ಕೊಡತಿ, ಸನಿಕೆ ಎಲ್ಲಿವೆ ಎಂದು ಹುಡುಕುವವನಂತೆ ಅತ್ತ ಹೊರಳಿದ, ಕಣ್ಣೀರು ಕಾಣಬಾರದೆಂದು. ಬಾಯವ್ವ ಕೋಲನ್ನು ಸತ್ಯವ್ವನ ಕೈಗೆ ಕೊಟ್ಟು, ನರಳುತ್ತ ಕಣದ ಅಂಚಿಗೆ ಕುಳಿತಳು. ಬತ್ತಿದ ಎರಡೂ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಮುಂದೆ ಚಾಚಿಟ್ಟಳು. ಸೊಸೆಯನ್ನು ನೋಡದೆ ಮೇಟಿಯನ್ನೇ ನೋಡುತ್ತ ಹೇಳಿದಳು:

"ಹೆಂಗೂ ಕೆತ್ತೂದ ಐತೆಲ್ಲ. ನನ್ನ ಕಾಲಿಗೂ ಕಟ್ಟ. ಹಗ್ಗ ಬ್ಯಾಡ, ನೀ ಕೈ ಹಿಡಿ."